ಕ್ಲೀನರ್ ಬದಿಯ ಪಿನ್ನು

ಬೈಲಹೊಂಗಲದ ಬಸ್‌ಸ್ಟ್ಯಾಂಡು ದಾಟಿ ಗಾಡಿ ಸವದತ್ತಿ ರಸ್ತೆಗೆ ಹೊರಳುವ ತನಕ ತ್ರ್ಯಂಬಕನಿಗೆ ಆ ಪಿನ್ನಿನ ನೆನಪೇ ಆಗಿರಲಿಲ್ಲ. ಹೊರಳುವಾಗ ಸಿದ್ಧಾರೂಢ ಸ್ಟೇರಿಂಗನ್ನು ಒಂದೇ ಅಂಗೈಯಿಂದ ತಿರುವಿ, ಬೆಣ್ಣೆಯ ಹಾಗಾಗಿದೆ, ಮೊದಲು ಇದನ್ನು ತಿರುಗಿಸುವುದೆಂದರೆ ಕಬ್ಬಿನ ಗಾಣ ತಿರುಗಿಸಿದಂತಾಗುತ್ತಿತ್ತು ಎಂದು ಹಿಂದಿನ ಸೀಟಿನಲ್ಲಿದ್ದ ತಾಯಿಗೆ ಕೇಳುವಂತೆ ಹೊಗಳಿದ. ದೀಪಾವಳಿಯಿಂದ ಸಂಕ್ರಾಂತಿಯ ತನಕ ಆ ಗಾಡಿಯ ಅಡಿಯಲ್ಲೇ ಮಲಗಿ ದುಡಿದ ಮೆಕ್ಯಾನಿಕ್ಕಿಗೆ ಇದಕ್ಕಿಂತ ಚೊಕ್ಕ ಮಾತು ಬೇಕಿರಲಿಲ್ಲ. ತ್ರ್ಯಂಬಕ ಹಿಗ್ಗಿದ. ಹಿಗ್ಗುತ್ತಿರುವಾಗಲೇ ಅವನ ಬಲಗೈಯ ಹೆಬ್ಬೆರಳಿಗೆ ಏನೋ ನೆನಪಾಯಿತು. ಸ್ಟೇರಿಂಗ್ ರಾಡಿನ ತುದಿಯ ನಟ್ಟಿನಲ್ಲಿ ಪಿನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಒಂದನ್ನು ಅತ್ತ, ಒಂದನ್ನು ಇತ್ತ ಬಗ್ಗಿಸಿದ ಒತ್ತಡ. ಅದು ಡ್ರೈವರ್ ಬದಿಯ ತುದಿ. ಅಲ್ಲಿ ಹಾಕಿದ್ದು ಖರೆ. ತಾನೀಗ ಕೂತಿದ್ದ ಕ್ಲೀನರ್ ಬದಿಯ ತುದಿಗೆ? ಹೆಬ್ಬೆರಳನ್ನು ಎಷ್ಟು ಕೇಳಿದರೂ ಅದು ಡ್ರೈವರ್ ಬದಿಯದನ್ನೇ ಮತ್ತೆ ಮತ್ತೆ ಹೇಳಿತು.

ಸಿದ್ಧಾರೂಢ ಸಂಪಗಾಂವದ ದೊಡ್ಡ ಹೊಲಮನೆಯವನು. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಉಳಿಯುವ ಹೊತ್ತನ್ನೆಲ್ಲ ಗುಡ್ಡ ಹತ್ತಿಸುವ, ಹಳ್ಳ ದಾಟಿಸುವ ಗಾಡಿಗಳ ಹುಚ್ಚಿಗೆ ಒಪ್ಪಿಸಿದವನು. ಲಿಲಾವಿನಲ್ಲಿ ಕೂಗಿ ತಂದ ಈ ನಾಲ್ಕು ಬಾಗಿಲಿನ ಫೋರ್‌ವ್ಹೀಲ್ ಟ್ರಕ್ಕಿನ ಮುಂಗಾಲು ಎಳಸಾಗಿತ್ತು. ಕಲ್ಲಿಗೆ ಬಿದ್ದರೆ ಸೊಟ್ಟಗಾಗುತ್ತಿತ್ತು, ಬ್ರೇಕು ಒತ್ತಿದರೆ ಯೋಚನೆ ಮಾಡಿ ನಿಲ್ಲುತ್ತಿತ್ತು. ತ್ರ್ಯಂಬಕ ಅದರ ಮುಂದಿನದನ್ನೆಲ್ಲ ಬಿಚ್ಚಿ ಒಗೆದು, ಗುಜರಿಯಲ್ಲಿ ಆರಿಸಿ ತಂದ ದೊಡ್ಡ ಗಾಡಿಯ ಇಡೀ ಎಕ್ಸಲ್ ಕೂಡಿಸಿದ್ದ. ಹಳೆಯ ಡ್ರಮ್ಮಿನ ಜಾಗಕ್ಕೆ ಡಿಸ್ಕ್ ಬ್ರೇಕು, ಕೈಬಲದ ಸ್ಟೇರಿಂಗಿನ ಜಾಗಕ್ಕೆ ಪವರ್ ಸ್ಟೇರಿಂಗು. ಸ್ಟೇರಿಂಗ್ ಪೆಟ್ಟಿಗೆಯಿಂದ ಹೊರಟ ಉದ್ದನೆಯ ರಾಡು ಎಕ್ಸಲ್ಲಿನ ಮುಂದೆ ಅಡ್ಡ ಹಾಯ್ದು ಕ್ಲೀನರ್ ಬದಿಯ ಗಾಲಿಯನ್ನು ಹಿಡಿಯುತ್ತಿತ್ತು. ರಾಡಿನ ತುದಿಯಲ್ಲಿ ಕಿರೀಟದಂತೆ ಹಲ್ಲಿರುವ ನಟ್ಟು, ಅದು ತಾನಾಗಿ ಬಿಚ್ಚಿಕೊಳ್ಳದಂತೆ ಹಲ್ಲುಗಳ ನಡುವೆ ಹಾಯುವ ಕಡ್ಡಿಯಷ್ಟು ದಪ್ಪದ ಪಿನ್ನು. ಪಿನ್ನಿಲ್ಲದೆಯೂ ಗಾಡಿ ಓಡುತ್ತದೆ. ಡಾಂಬರಿನ ಮೇಲೆ ಬಹಳ ದಿನವೂ ಓಡೀತು, ಗುಡ್ಡದ ಕಲ್ಲಿನ ಮೇಲೆ ಒಂದೆರಡು ಕುಲುಕಿಗೇ ನಟ್ಟು ಉದುರೀತು. ಉದುರಿತೆಂದರೆ ಸ್ಟೇರಿಂಗು ಕೈಯಲ್ಲಿ ಸುಮ್ಮನೆ ತಿರುಗುತ್ತದೆ, ಗಾಲಿಗಳು ತಮಗೆ ತೋಚಿದ ಕಡೆ ಹೋಗುತ್ತವೆ. ಆ ತುದಿ ಈಗ ಸರಿಯಾಗಿ ತ್ರ್ಯಂಬಕನ ಪಾದದ ಕೆಳಗಿತ್ತು. ನಡುವೆ ಒಂದು ತಗಡು ಅಡ್ಡ.

ಬೆಳಿಗ್ಗೆ ಅವನು ಅಂಗಾತ ಮಲಗಿ ಆ ತುದಿಯ ನಟ್ಟು ತಿರುವುತ್ತಿದ್ದಾಗಲೇ ದೇವಕ್ಕನ ಪಾದಗಳು ಕಂಡಿದ್ದವು. ದೇವಕ್ಕ ಸಿದ್ಧಾರೂಢನ ತಾಯಿ. ಅವಳ ಹಿಂದೆ ಸೊಸೆ ಮಧು, ಕೈಯಲ್ಲಿ ಹರಿವಾಣ, ಕಾಯಿ, ನಿಂಬೆಹಣ್ಣು, ಚೆಂಡುಹೂವಿನ ಮಾಲೆ. ಮಧುವಿನ ತವರು ರಾಮದುರ್ಗ. ಅತ್ತೆ ಸೊಸೆಯನ್ನು ಅಲ್ಲಿ ಇಳಿಸಿ, ಸಿದ್ಧಾರೂಢ ಆಚೆಯ ಗುಡ್ಡದಲ್ಲಿ ಗೆಳೆಯರ ಗಾಡಿಗಳನ್ನು ಕೂಡಿಕೊಳ್ಳುವುದು, ಮೆಕ್ಯಾನಿಕ್ಕು ಜೊತೆಗಿರುವುದು ಎಂದು ಮೊದಲೇ ಮಾತಾಗಿತ್ತು. ಜಂಗಮರನ್ನು ಕರೆಸಬೇಕೆಂದಿದ್ದೆ, ಗಾಡಿ ಮಾಡಿದವರೇ ದೇಗಾಂವದ ಭಟ್ಟರ ಮಗನಾಗಿರುವಾಗ ಹೊರಗಿನವರು ಯಾಕೆ ಎಂದಳು ದೇವಕ್ಕ. ತ್ರ್ಯಂಬಕ ಗಾಡಿಯ ಅಡಿಯಿಂದಲೇ, ಅದನ್ನೆಲ್ಲ ಬಿಟ್ಟು ಬಹಳ ವರ್ಷವಾಯಿತು ಎಂದ. ಬಿಟ್ಟರೆ ಬಿಡುವ ವಿದ್ಯೆಯೇ ಅದು ಎಂದು ಅವಳು ನಕ್ಕಳು, ಹೊತ್ತು ಏರುತ್ತಿದೆ ಎಂದೂ ಸೇರಿಸಿದಳು. ಅವನು ಹೊರಬಂದು ಮೊದಲು ಸೀಮೆಎಣ್ಣೆಯಲ್ಲಿ, ಆಮೇಲೆ ಸಾಬೂನಿನಲ್ಲಿ ಕೈ ತೊಳೆದುಕೊಂಡ. ನಟ್ಟು ಬಿಗಿದು ಪಿನ್ನು ಹಾಕಿಯೇ ಹೊರಬಂದೆನೋ, ಪಿನ್ನು ಕೈಯಲ್ಲಿದ್ದಾಗ ಬಂದೆನೋ, ಅಥವಾ ನಟ್ಟನ್ನೂ ಪೂರ್ತಿ ಬಿಗಿಯದೆ ಬಂದೆನೋ? ಕೈ ತೊಳೆದದ್ದು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಸಾಬೂನಿನ ನೊರೆ ಕಪ್ಪಗಾಗಿದ್ದು, ಉಗುರಿನ ಸಂದಿಯ ಎಣ್ಣೆ ಹೋಗದೆ ಉಳಿದಿದ್ದು, ಆ ಕೈಯಿಂದಲೇ ಕುಂಕುಮ ಹಚ್ಚುವಾಗ ದೇವಕ್ಕ ನೋಡಿಯೂ ನೋಡದವಳಂತೆ ಇದ್ದದ್ದು. ಆಮೇಲೆ ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ, ಎಲ್ಲರೂ ಗಡಬಡಿಸಿ ಹತ್ತಿದ್ದರು.

ಗೊತ್ತಾಗದಿದ್ದರೆ ಗಾಡಿ ನಿಲ್ಲಿಸಿ, ಇಳಿದು, ಬಗ್ಗಿ ನೋಡಿದರಾಯಿತು. ಬೇರೆ ಯಾವ ಮೆಕ್ಯಾನಿಕ್ಕಾದರೂ ಹಾಗೇ ಮಾಡುತ್ತಿದ್ದ, ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ತ್ರ್ಯಂಬಕನಿಗೆ ಆ ದಾರಿ ಮುಚ್ಚಿತ್ತು. ಊರಿನಲ್ಲಿ ಅವನ ಹೆಸರೇ ಇನ್ನೊಮ್ಮೆ ಭಟ್ಟರು. ಬಿಗಿದ ನಟ್ಟನ್ನು ಇನ್ನೊಮ್ಮೆ ಬಿಗಿಯುವವನು, ಹಾಕಿದ ಶಟರನ್ನು ಇನ್ನೊಮ್ಮೆ ಜಗ್ಗಿ ನೋಡುವವನು, ಮನೆ ಮುಟ್ಟಿ ಊಟಕ್ಕೆ ಕೂತ ಮೇಲೆ ವೆಲ್ಡಿಂಗಿನ ಸಿಲಿಂಡರ್ ಬಂದ್ ಮಾಡಿದೆನೋ ಇಲ್ಲವೋ ಎಂದು ಚಪ್ಪಲಿ ಮೆಟ್ಟಿ ವಾಪಸ್ ಹೊರಡುವವನು. ಹೋದ ಬೇಸಿಗೆಯಲ್ಲಿ ಸಂಗೊಳ್ಳಿಯ ಕಡೆ ಹೊರಟ ಮದುವೆಯ ಕಾರೊಂದನ್ನು ಬೈಕಿನಲ್ಲಿ ಬೆನ್ನಟ್ಟಿ ನಿಲ್ಲಿಸಿ, ಮದುಮಗನನ್ನೂ ಇಳಿಸಿ, ಗಾಲಿಯ ನಟ್ಟು ಬಿಗಿ ಇವೆಯೋ ಇಲ್ಲವೋ ನೋಡಿದ್ದ. ಎಲ್ಲವೂ ಬಿಗಿಯಾಗಿಯೇ ಇದ್ದವು. ಬಾಸಿಂಗ ಕಟ್ಟಿಕೊಂಡ ಮದುಮಗ ರಸ್ತೆಯ ಬದಿಗೆ ಬಿಸಿಲಲ್ಲಿ ನಿಂತದ್ದು, ಇವನು ಗಾಲಿಯ ಮುಂದೆ ಮಂಡಿಯೂರಿದ್ದು, ಎರಡನ್ನೂ ಯಾರೋ ಫೋನಿನಲ್ಲಿ ಹಿಡಿದು, ಹಿಂದೆ ಮಂಗಳವಾದ್ಯ ಕೂಡಿಸಿ ಊರಿನ ಗ್ರೂಪುಗಳಿಗೆಲ್ಲ ಹಂಚಿದರು. ಕಾಲೇಜಿನಿಂದ ಬಂದ ಮಗಳು ಶರ್ವರಿ ಫೋನು ಚಾಚಿ, ಇದು ನೀನೇ ಏನಪ್ಪಾ ಎಂದು ಕೇಳಿದ್ದಳು. ನಗುತ್ತ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಗಲಿಲ್ಲ. ಹೆಂಡತಿ ನರ್ಮದಾ ಒಳಗಿನಿಂದ, ಹಾಲು ಉಕ್ಕುತ್ತಿದೆ ಎಂದು ಸುಮ್ಮಸುಮ್ಮನೆ ಕೂಗಿ ಮಗಳನ್ನು ಕರೆದುಕೊಂಡಳು. ಅಲ್ಲಿಂದ ಮುಂದೆ ಗಿರಾಕಿಗಳು ತೆಳುವಾದರು. ಸಿದ್ಧಾರೂಢನೊಬ್ಬ ಬಂದ. ಬಂದವನೂ ಗ್ಯಾರೇಜಿನಲ್ಲಿ ಕೂತವರೆಲ್ಲರ ಎದುರಿಗೆ, ಗಾಡಿ ಹೊರಬಿದ್ದ ಮೇಲೆ ಇನ್ನೊಮ್ಮೆ ಅನ್ನುವ ಹಾಗಿಲ್ಲ ನೋಡ್ರಿ ಎಂದು ನಗುನಗುತ್ತ ಮಾತು ತೆಗೆದುಕೊಂಡಿದ್ದ. ತ್ರ್ಯಂಬಕನೂ ನಕ್ಕು ಮಾತು ಕೊಟ್ಟಿದ್ದ. ಈ ಟ್ರಕ್ಕಿನಿಂದ ಆ ಅಡ್ಡಹೆಸರು ತೊಳೆದುಹೋಗಬೇಕಿತ್ತು. ಇವತ್ತು ಗುಡ್ಡದಲ್ಲಿ ಗಾಡಿ ಬಲ್ಲವರ ಮುಂದೆ ಅದು ಸುಮ್ಮನೆ ಹತ್ತಿ ಸುಮ್ಮನೆ ಇಳಿದರೆ ಸಾಕು, ಅವನು ಮತ್ತೆ ಮೆಕ್ಯಾನಿಕ್ಕು.

ರಸ್ತೆಯ ಎರಡೂ ಬದಿಗೆ ಬಿಳಿಜೋಳ ತೆನೆ ಕಟ್ಟಿ ನಿಂತಿತ್ತು. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು, ಅರ್ಧ ರಸ್ತೆಯನ್ನು ತಮ್ಮದು ಮಾಡಿಕೊಂಡು ಬರುತ್ತಿದ್ದವು. ಒಂದೊಂದು ಟ್ರ್ಯಾಕ್ಟರು ಎದುರಾದಾಗಲೂ ಸಿದ್ಧಾರೂಢ ಕೊನೆಯ ಗಳಿಗೆಗೆ ಗಾಡಿಯನ್ನು ಎಡಕ್ಕೆ ಎಳೆಯುತ್ತಿದ್ದ. ಹಾಗೆ ಎಳೆದಾಗಲೆಲ್ಲ ತ್ರ್ಯಂಬಕನ ಪಾದದ ಬೆರಳುಗಳು ಬೂಟಿನೊಳಗೆ ಮುದುಡಿಕೊಂಡು ತಗಡನ್ನು ಹಿಡಿಯಲು ನೋಡುತ್ತಿದ್ದವು. ಹಿಂದಿನಿಂದ ದೇವಕ್ಕ ಶೇಂಗಾ ಹೋಳಿಗೆ ಚಾಚಿದಳು. ನಿಮ್ಮ ತಂದೆಯವರನ್ನು ಕಂಡಿದ್ದೇನೆ, ನಮ್ಮೂರಿನ ಕುಲಕರ್ಣಿಯವರ ಮನೆಗೆ ಸತ್ಯನಾರಾಯಣ ಪೂಜೆಗೆ ಬರುತ್ತಿದ್ದರು, ಎಂಥಾ ಶ್ರದ್ಧೆ ಎಂದಳು. ಹೋಳಿಗೆ ಅವನ ಬಾಯಲ್ಲಿ ಹಿಟ್ಟಾಗಿಯೇ ಉಳಿಯಿತು. ಅಪ್ಪನ ಶ್ರದ್ಧೆ ಎಂಥದೆಂದು ಅವನಿಗೆ ಗೊತ್ತಿತ್ತು. ಸಾವಿರ ಹೆಸರಿನ ನಡುವೆ ಒಂದು ಹೆಸರು ಬಿಟ್ಟೆನೋ ಎಂಬ ಸಂಶಯ ಬಂತೆಂದರೆ ಅಪ್ಪ ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. ಎಲೆಯ ಮುಂದೆ ಹಸಿದು ಕೂತ ಮಂದಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ನೋಡಿ, ಒಂದಕ್ಷರ ತಪ್ಪಬಾರದು ಅವರಿಗೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ಅಪ್ಪನಲ್ಲಿದ್ದಾಗ ಶ್ರದ್ಧೆಯಾಗಿದ್ದ ಅದೇ ವಸ್ತು ಮಗನಿಗೆ ಬಂದಾಗ ಹುಚ್ಚಾಯಿತು. ಅಪ್ಪನಿಗೆ ಇನ್ನೂ ಒಂದು ಅನುಕೂಲವಿತ್ತು. ಎಲ್ಲ ಪೂಜೆಯ ಕೊನೆಗೆ ಒಂದು ಶ್ಲೋಕವಿದೆ. ಮಂತ್ರದಲ್ಲಿ ತಪ್ಪಿದ್ದರೆ, ಮಾಡುವ ಕ್ರಮದಲ್ಲಿ ತಪ್ಪಿದ್ದರೆ, ಮನಸ್ಸೇ ಇಲ್ಲದಿದ್ದರೆ, ಅದೆಲ್ಲವೂ ಪೂರ್ತಿಯಾದಂತೆ ಒಪ್ಪಿಸಿಕೋ ದೇವರೇ ಎಂದು ಕೇಳಿಕೊಳ್ಳುವ ಶ್ಲೋಕ. ಅದನ್ನು ಅಂದು ನೀರು ಬಿಟ್ಟರೆ ಮುಗಿಯಿತು, ಬಿಟ್ಟು ಹೋದ ಹೆಸರುಗಳೆಲ್ಲ ತಾವಾಗಿ ಬಂದು ತಮ್ಮ ಜಾಗದಲ್ಲಿ ಕೂರುತ್ತವೆ. ಚಿಕ್ಕವನಿದ್ದಾಗ ತ್ರ್ಯಂಬಕನಿಗೆ ಅದೊಂದು ಮೋಸವೆನ್ನಿಸಿತ್ತು. ಮಡಿಯ ಚೀಲ ಹೊತ್ತು ಅಪ್ಪನ ಹಿಂದೆ ಕಿತ್ತೂರಿನ ಪೇಟೆಯಲ್ಲಿ ನಡೆಯುವಾಗ ಓರಗೆಯವರ ಕಣ್ಣಿಗೆ ಬೀಳದಿರಲೆಂದು ಗೋಡೆಯ ಬದಿಗೆ ಸರಿಯುತ್ತಿದ್ದವನು ಕಬ್ಬಿಣದ ಕಡೆ ಓಡಿ ಹೋದದ್ದೇ ಅದಕ್ಕೆ. ಕಬ್ಬಿಣಕ್ಕೆ ದಾಕ್ಷಿಣ್ಯವಿಲ್ಲ. ಹಾಕಿದರೆ ಹಾಕಿದ್ದು, ಬಿಟ್ಟರೆ ಬಿಟ್ಟದ್ದು. ಇವತ್ತು ಬೆಳಿಗ್ಗೆ ಟ್ರಕ್ಕಿನ ಬಾನೆಟ್ಟಿನ ಮುಂದೆ ಅವನು ಆ ಶ್ಲೋಕವನ್ನೂ ಅಂದಿದ್ದ. ಬಾಯಿಗೆ ತಾನಾಗಿ ಬಂದಿತ್ತು.

ಸವದತ್ತಿಯ ಹತ್ತಿರ ಬಂದಾಗ ದೂರದ ಗುಡ್ಡದ ಕಡೆ ದೇವಕ್ಕ ಕೂತಲ್ಲೇ ಕೈ ಮುಗಿದಳು. ಚಹಾಕ್ಕೆ ನಿಲ್ಲಿಸೋಣವೇ ಎಂದು ಸಿದ್ಧಾರೂಢ ಕೇಳಿದಾಗ ಯಾರಾದರೂ ಬೇಡವೆನ್ನುವ ಮೊದಲೇ ತ್ರ್ಯಂಬಕ ಹೂಂ ಅಂದಿದ್ದ. ಹೊಟೇಲಿನ ಮುಂದೆ ಇಳಿದವನು, ಕಾಲು ಜಡ್ಡುಗಟ್ಟಿದವರು ಮಾಡುವ ಹಾಗೆ ಮೈ ಮುರಿಯುತ್ತ ಗಾಡಿಯ ಮುಂದಕ್ಕೆ ಬಂದ. ದೇವಕ್ಕ ಬಂಪರಿಗೆ ಕಟ್ಟಿಸಿದ್ದ ಚೆಂಡುಹೂವಿನ ಮಾಲೆ ಗಾಳಿಗೆ ಜಗ್ಗಿ ಎಕ್ಸಲ್ಲಿನ ತನಕ ಇಳಿದು, ಅದೇ ತುದಿಯನ್ನು ಮುಚ್ಚಿತ್ತು. ಅವನು ಸೊಂಟ ಬಗ್ಗಿಸಿದ. ಹೂವು ಕಂಡಿತು, ಧೂಳು ಕಂಡಿತು, ತಾನೇ ತುಂಬಿದ ಗ್ರೀಸು ಕಂಡಿತು. ನೆಲಕ್ಕೆ ಬೆನ್ನು ಹಚ್ಚದೆ ಪಿನ್ನು ಕಾಣುವಂತಿರಲಿಲ್ಲ. ಆಗ ಹಿಂದಿನಿಂದ ಸಿದ್ಧಾರೂಢ, ಏನು ಕಳೆದುಕೊಂಡಿರಿ ಭಟ್ಟರೇ ಎಂದು ಕೇಳಿದ. ಕೈಯಲ್ಲಿ ಫೋನಿತ್ತು. ಅವನು ಗೆಳೆಯರಿಗೆ ಎಲ್ಲಿಗೆ ಬಂದಿದ್ದೇವೆಂದು ತಿಳಿಸುತ್ತಿದ್ದನೋ ಏನೋ, ಆದರೆ ತ್ರ್ಯಂಬಕನಿಗೆ ಆ ಫೋನಿನ ಹಿಂದಿನ ಪುಟ್ಟ ಗಾಜಿನ ಕಣ್ಣು ಮಾತ್ರ ಕಂಡಿತು. ಹೂವು ಜಾರಿತ್ತು, ಸರಿ ಮಾಡಿದೆ ಎಂದ. ಮಾಲೆಯನ್ನು ನಿಜವಾಗಿಯೂ ಎತ್ತಿ, ಬಂಪರಿಗೆ ಸುತ್ತಿ, ಒಂದು ಗಂಟನ್ನೂ ಹಾಕಿದ. ಹಾಕುವಾಗ ತನ್ನ ಮೇಲೆ ತನಗೇ ಬಂದ ಹೇಸಿಗೆಗೆ ಅವನ ಕಿವಿ ಕೆಂಪಾದವು. ಮಿರ್ಚಿ ಭಜಿ ತಿನ್ನುತ್ತ ಮಧು, ಭಟ್ಟರಿಗೆ ಖಾರ ತಾಗಿದೆ ಎಂದು ನೀರು ಸರಿಸಿದಳು. ಎಲ್ಲರೂ ಟ್ರಕ್ಕಿನ ಎದುರೇ ಬೆಂಚು ಹಾಕಿಕೊಂಡು ಕೂತಿದ್ದರು. ಅದನ್ನು ನೋಡುತ್ತಲೇ ಚಹಾ ಕುಡಿದರು.

ಮತ್ತೆ ಸೀಟು, ಮತ್ತೆ ಬೆಲ್ಟು. ಬೆಲ್ಟಿನ ಕೊಂಡಿ ಕಟ್ಟನೆ ಕೂತಾಗ ಒಳಗಿನಿಂದ ಯಾರೋ ಚಿಲಕ ಹಾಕಿಕೊಂಡ ಹಾಗಾಯಿತು. ಮುನವಳ್ಳಿಯ ಹತ್ತಿರ ಮಲಪ್ರಭೆಯ ಸೇತುವೆ ದಾಟುವಾಗ ಅವನು ನೀರನ್ನು ನೋಡಲಿಲ್ಲ, ಕಟ್ಟೆಯನ್ನು ನೋಡಿದ. ಗಾಡಿ ತಾನಾಗಿ ಎಡಕ್ಕೆ ಹೊರಳಿದರೆ ಈ ಕಟ್ಟೆ ತಡೆಯುವುದಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿದ. ಸಿದ್ಧಾರೂಢ ಅವರೇ, ಒಂದು ಸಣ್ಣ ಪಿನ್ನು. ಛೇ, ಸಣ್ಣ ಎಂದರೆ ಆಮೇಲೆ ನೋಡೋಣ ಅನ್ನುತ್ತಾನೆ. ದೊಡ್ಡದು ಎಂದರೆ, ದೊಡ್ಡದನ್ನು ಮರೆತು ನನ್ನ ಹೆಂಡತಿಯನ್ನೂ ತಾಯಿಯನ್ನೂ ಕೂರಿಸಿದೆಯಾ ಅನ್ನುತ್ತಾನೆ. ಹೊಸ ಗಾಡಿ, ಎಲ್ಲವನ್ನೂ ಒಮ್ಮೆ ನೋಡುವುದು ಪದ್ಧತಿ ಎಂದು ಹೇಳಬಹುದು. ಆ ಒಮ್ಮೆ ಎಂಬುದು ಅವರ ಕಿವಿಯಲ್ಲಿ ತಾನಾಗಿ ಇನ್ನೊಮ್ಮೆಯಾಗುತ್ತದೆ, ಹಿಂದಿನ ಸೀಟಿನವರೂ ನಗುತ್ತಾರೆ. ನಗಲಿ, ಸಾಯುವುದಕ್ಕಿಂತ ನಗುವುದು ಮೇಲಲ್ಲವೇ? ಹೌದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತಾನು ಇಷ್ಟು ಸಣ್ಣವನೇ ಎಂದು ಅವನಿಗೆ ಭಯವಾಯಿತು. ಪಿನ್ನು ಇದ್ದರೆ? ನೂರಕ್ಕೆ ತೊಂಬತ್ತು ಸಲ ಇದ್ದೇ ಇರುತ್ತದೆ, ಇದುವರೆಗೆ ಅವನು ಓಡಿಹೋಗಿ ನೋಡಿದ್ದೆಲ್ಲವೂ ಬಿಗಿಯಾಗಿಯೇ ಇತ್ತು. ಇದ್ದೂ ನಿಲ್ಲಿಸಿದರೆ ಇವತ್ತಿಗೆ ಅವನ ಕತೆ ಮುಗಿಯಿತು. ಇರದೆ ನಿಲ್ಲಿಸದಿದ್ದರೆ ಎಲ್ಲರ ಕತೆಯೂ. ಲೆಕ್ಕ ಇಷ್ಟು ಸುಲಭವಿತ್ತು. ಆದರೂ ಅವನು ಸ್ಟೇರಿಂಗು ಹೇಗಿದೆ ಎಂದು ಮಾತ್ರ ಕೇಳಿದ. ಸಿದ್ಧಾರೂಢ ಉತ್ತರದ ಬದಲು ಎರಡೂ ಕೈ ಬಿಟ್ಟು ತೋರಿಸಿದ. ಗಾಡಿ ನೆಟ್ಟಗೆ ಹೋಯಿತು. ಆಮೇಲೆ ಸ್ವಲ್ಪ, ಒಂದು ಕೂದಲಿನಷ್ಟು, ಎಡಕ್ಕೆ ಸರಿಯಿತು. ಅಥವಾ ರಸ್ತೆಯೇ ಹಾಗಿತ್ತು.

ರಾಮದುರ್ಗ ಇನ್ನೂ ಮುಂದಿರುವಾಗಲೇ ಕೆಂಪು ಕಲ್ಲಿನ ಗುಡ್ಡಗಳು ಶುರುವಾದವು. ಒಂದು ಕಡೆ ಡಾಂಬರಿನಿಂದ ಕವಲೊಡೆದ ಮಣ್ಣಿನ ದಾರಿ ಗುಡ್ಡದ ನೆತ್ತಿಗೆ ಏರಿತ್ತು. ಅತ್ತಕಡೆಯಿಂದ ಇಳಿದರೂ ಊರಿಗೇ ಹೋಗುತ್ತದೆ, ಅವ್ವನಿಗೆ ಒಮ್ಮೆ ತೋರಿಸುತ್ತೇನೆ ಎಂದ ಸಿದ್ಧಾರೂಢ. ಬೇಡ ಎಂದಳು ಮಧು, ಬೇಡವೆನ್ನುವವರ ದನಿಯಲ್ಲಿ ಅಲ್ಲ. ದೇವಕ್ಕ ಸೆರಗು ಬಿಗಿದುಕೊಂಡು, ಮಗ ಮಾಡಿಸಿದ ಗಾಡಿ ತಾನು ಹತ್ತದಿದ್ದರೆ ಯಾರು ಹತ್ತಬೇಕು ಎಂದಳು. ಗಾಡಿ ಮಣ್ಣಿಗೆ ಇಳಿಯಿತು. ಮೊದಲ ಕಲ್ಲಿಗೆ ತ್ರ್ಯಂಬಕನ ಪಾದದ ಕೆಳಗೆ ಟಕ್ ಎಂದಿತು. ಕಲ್ಲು ಸಿಡಿದದ್ದೋ ನಟ್ಟು ಕುಣಿದದ್ದೋ. ಮುಂದೆ ದಾರಿ ಎಡಕ್ಕೆ ಸುತ್ತಿಕೊಂಡು, ಬಲಕ್ಕೆ ಬರೀ ಆಕಾಶ ಕಾಣುತ್ತಿತ್ತು.

"ಗಾಡಿ ನಿಲ್ಲಸ್ರಿ," ಎಂದ ತ್ರ್ಯಂಬಕ.

ಸಿದ್ಧಾರೂಢ ನಿಲ್ಲಿಸಲಿಲ್ಲ. ಶುರುವಾಯಿತೇ ಎನ್ನುವಂತೆ ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ನಕ್ಕ. ಆ ನಗು ಬಾರದಿದ್ದರೆ ತ್ರ್ಯಂಬಕ ಪಿನ್ನಿನ ಮಾತನ್ನೇ ಆಡುತ್ತಿದ್ದನೋ ಏನೋ. ಬಾಯಿಂದ ಹೊರಬಿದ್ದದ್ದು ಬೇರೆ.

"ಪೂಜಾದಾಗ ಒಂದು ಲೋಪ ಆಗೇದ. ಗಾಲಿಗೆ ಶಾಂತಿ ಆಗಿಲ್ಲ."

ಹೊಸ ಡಿಸ್ಕ್ ಬ್ರೇಕು ಗಾಡಿಯನ್ನು ನಿಂತಲ್ಲೇ ಹಿಡಿಯಿತು. ಹಿಡಿಸಿದ್ದು ದೇವಕ್ಕ, ನಿಲ್ಲಿಸು ಎಂದು ಅವಳು ಮಗನ ಹೆಗಲು ಗಟ್ಟಿಯಾಗಿ ಅದುಮಿದ್ದಳು. ಯಾರೂ ನಗಲಿಲ್ಲ. ಯಾವ ಲೋಪ, ಯಾಕೆ ಈಗ ನೆನಪಾಯಿತು ಎಂದು ಯಾರೂ ಕೇಳಲಿಲ್ಲ. ಅತ್ತೆ ಸೊಸೆ ಚಪ್ಪಲಿ ಬಿಟ್ಟು ಇಳಿದು, ಹೇಳಿದ ಕಡೆ ನಿಲ್ಲಲು ಸಿದ್ಧರಾದರು. ಇಷ್ಟು ವರ್ಷ ಮೆಕ್ಯಾನಿಕ್ಕಾಗಿ ಅವನು ಆಡಿದ ಯಾವ ಮಾತಿಗೂ ಸಿಗದ ಮರ್ಯಾದೆ ಈ ಒಂದು ಸುಳ್ಳಿಗೆ ಇಷ್ಟು ಬೇಗ ಸಿಕ್ಕಿತಲ್ಲ ಎಂದು ಅವನಿಗೆ ಸಿಟ್ಟೇ ಬಂತು. ಸಿಟ್ಟಿನಲ್ಲಿ ದನಿ ತಾನಾಗಿ ಗಟ್ಟಿಯಾಯಿತು. ಮೂಡಲಿಗೆ ಮುಖ ಮಾಡಿ ನಿಲ್ಲಿ, ಕಣ್ಣು ಮುಚ್ಚಿ, ನಾನು ಹೇಳುವ ತನಕ ತೆರೆಯಬೇಡಿ ಎಂದ. ಸಿದ್ಧಾರೂಢನೂ ಕೈ ಕಟ್ಟಿಕೊಂಡು ಅವರ ಪಕ್ಕಕ್ಕೆ ನಿಂತ. ತ್ರ್ಯಂಬಕ ನೀರಿನ ಬಾಟಲಿ ಹಿಡಿದು ಕ್ಲೀನರ್ ಬದಿಯ ಗಾಲಿಯ ಹತ್ತಿರ ಕೂತು, ಬೆನ್ನನ್ನು ಕೆಂಪು ಮಣ್ಣಿಗೆ ಹಚ್ಚಿ ಒಳಗೆ ಸರಿದ. ಸುಮ್ಮನಿದ್ದರೆ ಸಂಶಯ ಬಂದೀತು, ಏನಾದರೂ ಅನ್ನಬೇಕು. ಮುಂಜಿಯಲ್ಲಿ ಕಲಿತ ಹೆಸರುಗಳು ಬಂದವು. ಕೇಶವನಿಂದ ಹಿಡಿದ.

ಪಿನ್ನಿರಲಿಲ್ಲ. ನಟ್ಟು ತನ್ನ ಜಾಗ ಬಿಟ್ಟು ಕೆಳಗಿಳಿದು, ತುದಿಯ ಕೆಲವೇ ಸುತ್ತುಗಳಿಗೆ ಜೋತುಬಿದ್ದಿತ್ತು. ಮುಟ್ಟಿದರೆ ಬೆರಳಿಗೇ ತಿರುಗಿತು. ಅವನಿಗೆ ಮೊದಲು ಆದದ್ದು ಹೆದರಿಕೆಯಲ್ಲ, ಸಂತೋಷ. ತಾನು ಹುಚ್ಚನಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಸಂಶಯ ನಿಜವಾಗಿತ್ತು, ಎದ್ದು ಹೋಗಿ ಎಲ್ಲರಿಗೂ ತೋರಿಸಬೇಕು, ಫೋನಿನಲ್ಲಿ ಹಿಡಿಯಿರಿ ಇದನ್ನು ಎನ್ನಬೇಕು ಅನ್ನಿಸಿತು. ತೋರಿಸಿದರೆ ಏನು ತೋರಿಸಿದಂತಾಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಆಚೆ ಮೂವರ ಪಾದಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಮಧುವಿನ ಬರಿಗಾಲು ಸುಡುತ್ತಿರಬೇಕು, ಹೆಬ್ಬೆರಳುಗಳನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಸ್ಪ್ಯಾನರು, ಇಕ್ಕಳ, ಬೇರೆ ಪಿನ್ನು ಎಲ್ಲವೂ ಹಿಂದಿನ ಡಬ್ಬಿಯಲ್ಲಿದ್ದವು. ಡಬ್ಬಿ ತೆರೆದರೆ ಮಂತ್ರ ಮುಗಿಯಿತು. ನಟ್ಟನ್ನು ಬೆರಳಿನಿಂದಲೇ ಆದಷ್ಟು ಮೇಲೇರಿಸಿದ. ಆಮೇಲೆ, ಹೆಸರುಗಳ ನಡುವೆ ಉಸಿರು ತೆಗೆದುಕೊಂಡು, "ಮುತ್ತೈದಿ ತಲಿಯಾಗಿನ ಪಿನ್ನೊಂದು ಬೇಕ್ರಿ. ಕಬ್ಬಿಣದ್ದು," ಎಂದ.

ಕೊಡು, ಕೊಡು ಎಂದು ದೇವಕ್ಕ ಸೊಸೆಯನ್ನು ಅವಸರಿಸಿದ್ದು ಕೇಳಿಸಿತು. ಅಬೋಲಿ ಹೂವಿನ ಎಸಳೊಂದು ಮೊದಲು ಬಿತ್ತು, ಆಮೇಲೆ ಬಳೆಯ ಕೈಯೊಂದು ಕಣ್ಣು ಮುಚ್ಚಿಕೊಂಡವರ ಹಾಗೆ ತಡಕುತ್ತ ಗಾಲಿಯ ಬದಿಗೆ ಬಂದು, ಎರಡು ಕಾಲಿನ ಕರಿ ಪಿನ್ನೊಂದನ್ನು ನೆಲದ ಮೇಲಿಟ್ಟು ಹೋಯಿತು. ಕೂದಲೆಣ್ಣೆಯಿಂದ ಜಾರುತ್ತಿತ್ತು. ಅವನು ಅದನ್ನು ರಂಧ್ರಕ್ಕೆ ಹಿಡಿದ. ನಟ್ಟಿನ ಹಲ್ಲು ಎದುರಾಗಲಿಲ್ಲ, ಇನ್ನಷ್ಟು ಬಿಗಿಯಬೇಕಿತ್ತು, ಬೆರಳಿನಿಂದ ಆಗುವಂತಿರಲಿಲ್ಲ. ಗೋವಿಂದ, ವಿಷ್ಣು, ಮಧುಸೂದನ ಎನ್ನುತ್ತ ಕಣ್ಣಿಗೆ ಇಳಿದ ಬೆವರನ್ನು ತೋಳಿಗೆ ಒರೆಸಿಕೊಂಡು ತಿರುಗಿದರೆ, ಗಾಲಿಯ ಆಚೆ ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದ ಸಿದ್ಧಾರೂಢನ ಮುಖವಿತ್ತು.

ಕಣ್ಣು ತೆರೆದೇ ಇತ್ತು. ನಟ್ಟನ್ನು ನೋಡಿತು, ತಲೆಯ ಪಿನ್ನನ್ನು ನೋಡಿತು, ಆಮೇಲೆ ತ್ರ್ಯಂಬಕನನ್ನು. ಗಾಡಿ ಬಲ್ಲವನಿಗೆ ಹೇಳಿಕೊಡುವುದು ಏನೂ ಉಳಿದಿರಲಿಲ್ಲ. ತ್ರ್ಯಂಬಕನ ಮೈಯೆಲ್ಲ ನಿಂತುಹೋಯಿತು, ಬಾಯಿ ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ಆಚೆ ದೇವಕ್ಕ ಕಣ್ಣು ತೆರೆಯುತ್ತಾಳೆ. ತ್ರಿವಿಕ್ರಮ, ವಾಮನ, ಶ್ರೀಧರ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಅವನು ಅನ್ನುತ್ತಲೇ ಇದ್ದ. ಬೈಯಲಿ, ಎಳೆದು ಹೊರಗೆ ಹಾಕಲಿ ಎಂದು ಅವನು ಒಳಗೊಳಗೇ ಬೇಡಿಕೊಂಡ. ಮುಖ ಮಾಯವಾಯಿತು. ಹಿಂದೆ ಡಬ್ಬಿಯ ಮುಚ್ಚಳ ಬಹಳ ಮೆಲ್ಲಗೆ ತೆರೆದ ಸದ್ದಾಯಿತು. ಸ್ಪ್ಯಾನರು ಮತ್ತು ಇಕ್ಕಳ ಮಣ್ಣಿನ ಮೇಲೆ ಸರಿದು ಬಂದು ಅವನ ಕೈಯ ಹತ್ತಿರ ನಿಂತವು. ಇಕ್ಕಳದ ಬಾಯಿಯಲ್ಲಿ ಹೊಸ ಪಿನ್ನೊಂದಿತ್ತು. ಅವನು ನಟ್ಟು ಬಿಗಿದ, ಪಿನ್ನು ತೂರಿಸಿದ, ಕಾಲುಗಳನ್ನು ಅತ್ತ ಇತ್ತ ಬಗ್ಗಿಸಿದ. ಸಿದ್ಧಾರೂಢ ಕೈ ಚಾಚಿ ಅದನ್ನು ತಾನೂ ಮುಟ್ಟಿ, ಎರಡು ಸಲ ಜಗ್ಗಿ ನೋಡಿದ. ಆಮೇಲೆ ಸಾಮಾನು ಎತ್ತಿಕೊಂಡು ಹೋದ. ತ್ರ್ಯಂಬಕ ಹೆಸರುಗಳನ್ನು ಮುಗಿಸಿ ಹೊರಬಂದ.

ದೇವಕ್ಕ ಕಣ್ಣು ತೆರೆದವಳೇ ಅವನ ಪಾದಕ್ಕೆ ಬಗ್ಗಿದಳು. ಅವಳಿಗಿಂತ ಚಿಕ್ಕವನು ತಾನು, ಬೇಡ ಎಂದು ಹಿಂದೆ ಸರಿದರೂ ಬಿಡಲಿಲ್ಲ. ಏನು ಕಂಡಿತು ಎಂದು ಮೆಲ್ಲಗೆ ಕೇಳಿದಳು. ಅವನು ಬಾಯಿ ತೆರೆಯುವ ಮೊದಲು ಸಿದ್ಧಾರೂಢ, ಇವತ್ತು ಗುಡ್ಡ ಬೇಡ ಅಂದಿದ್ದಾರೆ ಭಟ್ಟರು, ಡಾಂಬರಿನ ಮೇಲೇ ಹೋಗೋಣ ಎಂದು ಹೇಳಿ, ತಾಯಿಯ ಕೈ ಹಿಡಿದು ಸೀಟಿಗೆ ಹತ್ತಿಸಿದ. ಮಧುವೂ ಹತ್ತಿದಳು. ತನ್ನ ಪಿನ್ನನ್ನು ಅವಳು ಕೇಳಲಿಲ್ಲ, ಅದು ಅವನ ಮುಷ್ಟಿಯಲ್ಲೇ ಉಳಿಯಿತು. ಸಿದ್ಧಾರೂಢ ಸುತ್ತಿ ಬಂದು ಕ್ಲೀನರ್ ಬದಿಯ ಬಾಗಿಲು ತೆರೆದು ಹಿಡಿದ. ಎಂದೂ ಹಿಡಿದವನಲ್ಲ. ತ್ರ್ಯಂಬಕ ಹತ್ತಲು ಕಾಲೆತ್ತಿದಾಗ, ಒಳಗಿನವರಿಗೆ ಕೇಳದಿರಲೆಂದು ಸಣ್ಣ ದನಿಯಲ್ಲಿ, ಸ್ವಲ್ಪವೂ ಸಿಟ್ಟಿಲ್ಲದೆ ಮಾತಾಡಿದ.

"ಪೂಜಾ ಭಾಳ ಚೊಲೊ ಮಾಡ್ತೀರಿ ಭಟ್ರ. ಇನ್ನ ಮ್ಯಾಲ ನಮ್ಮ ಮನ್ಯಾಗ ಏನಿದ್ರೂ ನಿಮಗ ಹೇಳಿ ಕಳಸ್ತೇನಿ. ಗಾಡಿ ಕೆಲಸ ಅಷ್ಟ ಬ್ಯಾರೆಯವರ ಕಡೆ ಮಾಡಸ್ತೇನಿ."

ತ್ರ್ಯಂಬಕನ ಒಂದು ಕಾಲು ಗಾಡಿಯೊಳಗೆ, ಒಂದು ಮಣ್ಣಿನ ಮೇಲೆ ಇತ್ತು. ಏನಾದರೂ ಹೇಳಬೇಕೆಂದು ಅವನು ಬಾಗಿಲನ್ನು ಹಿಡಿದ. ಮಗನ ಮಾತಿನ ಮೊದಲ ತುಂಡು ದೇವಕ್ಕನ ಕಿವಿಗೆ ಬಿದ್ದಿರಬೇಕು. ಅವಳು ಹಿಂದಿನಿಂದ ಮುಂದಕ್ಕೆ ಬಾಗಿ, ಮುಖ ಅರಳಿಸಿಕೊಂಡು, ಬರುವ ಅಮಾವಾಸ್ಯೆಗೆ ಮನೆಗೆ ಹೊಸ ಟ್ರ್ಯಾಕ್ಟರು ಬರುತ್ತದೆ, ಅದರ ಪೂಜೆ ನಿಮ್ಮ ಕೈಯಿಂದಲೇ ಆಗಬೇಕು ಎಂದಳು. ಸಿದ್ಧಾರೂಢ ಬಾಗಿಲು ಹಿಡಿದುಕೊಂಡೇ ಅವನ ಉತ್ತರಕ್ಕೆ ಕಾದು ನಿಂತಿದ್ದ.

"ಬರ್ತೇನ್ರಿ," ಎಂದ ತ್ರ್ಯಂಬಕ. ಎಷ್ಟು ಹೊತ್ತಿಗೆ ಬರಬೇಕೆಂದೂ ಕೇಳಿದ.